ಏಳು ದಿನದ ಮಳೆ

ಗುಂಡಿಯೊಳಗೆ ಇಳಿದ ಇಬ್ಬರು ಬಾಂಡ್ಲಿಯಲ್ಲಿ ನೀರು ತುಂಬಿ ಮೇಲಕ್ಕೆ ಕೊಡುತ್ತಿದ್ದರು. ಮೇಲೆ ನಿಂತವರು ಅದನ್ನು ಕೈಯಿಂದ ಕೈಗೆ ದಾಟಿಸಿ ಬೇಲಿಯಾಚೆ ಚೆಲ್ಲುತ್ತಿದ್ದರು. ಹೆಣ ಹೂಳಲೆಂದು ಹತ್ತು ಗಂಟೆಗೆಲ್ಲ ತೋಡಿ ಮುಗಿಸಿದ್ದ ಗುಂಡಿ. ಹನ್ನೊಂದಕ್ಕೆ ಹಿಡಿದ ಮಳೆ ಅರ್ಧ ತುಂಬಿಸಿಬಿಟ್ಟಿತ್ತು. ಈಗ ಮಳೆ ನಿಂತಿದ್ದರೂ ಎತ್ತಿದಷ್ಟು ನೀರು ಪಕ್ಕದ ಮಣ್ಣಿನಿಂದ ಮತ್ತೆ ಒಸರುತ್ತಿತ್ತು.

"ಇದು ಕೈಯಲ್ಲಿ ಆಗೋ ಕೆಲಸ ಅಲ್ಲ," ಎಂದ ಮೇಸ್ತ್ರಿ. "ಯಾರಾದ್ರೂ ಹೋಗಿ ಸೈಟಿಂದ ಪಂಪು ತಗೊಂಬನ್ನಿ."

"ಮ್ಯಾನೇಜರ್ ಚೀಟಿ ಇಲ್ದೆ ಪಂಪು ಕೊಡಲ್ಲ."

"ಮಿಲಿಮೀಟರಣ್ಣನಿಗೆ ಅಂತ ಹೇಳು. ಚೀಟಿ ಆಮೇಲೆ ಬರ್ಕೊಳ್ಳಲಿ."

ಸೈಟಿನ ಮಳೆ ಅಳೆದು ಬರೆಯುತ್ತಿದ್ದ ಸತ್ತವನಿಗೆ ಆಳುಗಳು ಇಟ್ಟ ಹೆಸರು ಅದು. ಗುಂಡಿಯೊಳಗಿದ್ದವರಲ್ಲಿ ಒಬ್ಬ ಅವನ ಅಳಿಯ, ಕಂಬಿ ಕಟ್ಟುವವನು. ಅವನು ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದ: "ಮಾವ ಇದ್ದಿದ್ರೆ ಇಷ್ಟೊತ್ತಿಗೆ ಬರೆದು ಮುಗಿಸಿರ್ತಿದ್ರು. ಮಳೆಯಿಂದ ಗುಂಡಿ ಕೆಲಸ ಎರಡು ಗಂಟೆ ನಿಂತಿದೆ ಅಂತ."

"ಬರೆದು, ನಮ್ಮ ಹತ್ರ ಸಹಿನೂ ಹಾಕಿಸ್ಕೊಂಡಿರ್ತಿದ್ದ," ಎಂದ ಮೇಸ್ತ್ರಿ.

ಯಾರೂ ಗಟ್ಟಿಯಾಗಿ ನಗಲಿಲ್ಲ. ಆದರೆ ಬಾಂಡ್ಲಿಗಳು ಸ್ವಲ್ಪ ಚುರುಕಾಗಿ ಓಡಾಡಿದವು. ಮೇಸ್ತ್ರಿ ಸಲಿಕೆಯನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿ, ಸತ್ತವನ ಮನೆಗೆ ವಿಷಯ ತಿಳಿಸಲು ನಡೆದ.

ಮನೆ ಅಂದರೆ ಸೈಟಿನ ಅಂಚಿನಲ್ಲಿ ತಗಡು ಹೊದಿಸಿದ ಒಂದು ಕೋಣೆ. ಕಿಟಕಿ ತೆರೆದರೆ ಮೂರು ಮಹಡಿ ಎದ್ದು ನಿಂತ ಮಾರುಕಟ್ಟೆ ಕಟ್ಟಡ ಕಾಣುತ್ತಿತ್ತು. ನಾಲ್ಕನೆಯ ಮಹಡಿಗೆ ಕಂಬಿಗಳು ಮಾತ್ರ ಬಂದಿದ್ದವು, ತುಕ್ಕಿನ ನೀರು ಗೋಡೆಯ ಮೇಲೆ ಇಳಿದು ಕೆಂಪು ಗೆರೆಗಳಾಗಿದ್ದವು. ಮಂಚದ ಮೇಲೆ ಹೆಣ. ತಲೆಯ ಬಳಿ ಸ್ಟೂಲಿನ ಮೇಲೆ ಹೆಂಡತಿ. ಮಗಳು, ಮಳೆ ನಿಂತರೂ ಸೂರು ಇನ್ನೂ ಸೋರುವ ಕಡೆ ಪಾತ್ರೆ ಇಟ್ಟು, ತುಂಬಿದ್ದನ್ನು ಹೊರಗೆ ಸುರಿದು, ಮತ್ತೆ ಇಡುತ್ತಿದ್ದಳು.

ಮೇಸ್ತ್ರಿ ಕೆಸರುಗಾಲನ್ನು ಬಾಗಿಲ ಹೊರಗಿನ ಇಟ್ಟಿಗೆಗೆ ಉಜ್ಜಿದ. "ಅತ್ತಿಗೆ, ಇನ್ನೂ ಎರಡು ಗಂಟೆ ಹಿಡಿಯತ್ತೆ. ಗುಂಡಿ ತುಂಬ್ಕೊಂಡಿದೆ. ಪಂಪು ತರಕ್ಕೆ ಕಳಿಸಿದೀನಿ."

ಅವಳು ತಲೆಯಾಡಿಸಿದಳು.

ಗಾರೆಯವರು, ಸೆಂಟ್ರಿಂಗಿನವರು ಒಬ್ಬೊಬ್ಬರಾಗಿ ಬಂದು ಮುಖ ನೋಡಿ ಹೋಗುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. "ಅವನ ಪುಸ್ತಕದಲ್ಲಿ ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ." "ಮೂವತ್ತು ವರ್ಷ ಬರೆದ ಕೈ ಅದು." ಮಾತು ಕೇಳಿದಾಗಲೆಲ್ಲ ಹೆಂಡತಿ ಗೋಡೆಯ ಕಡೆ ತಿರುಗುತ್ತಿದ್ದಳು. ದುಃಖ ಎಂದುಕೊಂಡು ಅವರು ಬೇಗ ಎದ್ದು ಹೋಗುತ್ತಿದ್ದರು.

ಒಂದೂವರೆಗೆ ಮ್ಯಾನೇಜರ್ ಬಂದ. ಗುತ್ತಿಗೆದಾರರ ಕಡೆಯವನು. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಫೈಲು. ಹೆಣದ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಎಲ್ಲಿ ಕೂರಬೇಕೋ ತಿಳಿಯದೆ ಟ್ರಂಕಿನ ಮೇಲೆ ಕೂತ.

"ಅಮ್ಮ, ಇವತ್ತು ಕೇಳಬಾರದು, ಗೊತ್ತು. ಮಳೆ ಪುಸ್ತಕ ಬೇಕಿತ್ತು."

"ಇವತ್ತೇನಾ?" ಎಂದ ಮೇಸ್ತ್ರಿ.

"ಇವತ್ತು ಐದು ಗಂಟೆಗೆ ಗಡುವು. ಮಳೆಯಿಂದ ಇಷ್ಟು ದಿನ ಕೆಲಸ ನಿಂತಿತ್ತು ಅಂತ ಮಾಲೀಕರ ಕಚೇರಿಗೆ ಕಾಗದ ಕೊಡಬೇಕು, ಜೊತೆಗೆ ಪುಸ್ತಕ ಇಡಬೇಕು. ಐದು ದಾಟಿದ್ರೆ ಒಂದು ದಿನವೂ ಲೆಕ್ಕಕ್ಕೆ ಬರಲ್ಲ."

"ಎಷ್ಟು ದಿನ ಸಿಗತ್ತೆ?"

"ಹದಿನಾಲ್ಕು."

"ಬೇಕಾಗಿದ್ದು?"

"ಇಪ್ಪತ್ತು. ಇಪ್ಪತ್ತು ಇಲ್ಲ ಅಂದ್ರೆ ತಡ ನಮ್ಮದು ಅಂತಾಗತ್ತೆ. ಸೋಮವಾರ ಕರಾರು ರದ್ದು. ಬೇರೆಯವರು ಬರ್ತಾರೆ, ಅವರ ಆಳುಗಳನ್ನ ಅವರು ಕರ್ಕೊಂಬರ್ತಾರೆ."

ಮೇಸ್ತ್ರಿಯ ಕೈಕೆಳಗೆ ನಲವತ್ತು ಜನ ಇದ್ದರು. ಸತ್ತವನ ಅಳಿಯ ಅವರಲ್ಲೊಬ್ಬ, ಮಗಳೂ ಒಬ್ಬಳು, ಇಟ್ಟಿಗೆ ಹೊರುತ್ತಿದ್ದಳು. ಮೇಸ್ತ್ರಿ ಬಾಗಿಲ ಚೌಕಟ್ಟಿಗೆ ಒರಗಿದ.

"ಹೋದ ತಿಂಗಳ ಆ ಒಂದು ವಾರ ಏನಾಯ್ತು? ಪಾಯದಲ್ಲಿ ಎದೆ ಮಟ್ಟ ನೀರಿತ್ತು. ಏಳು ದಿನ ಶೆಡ್ಡಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿದ್ದೇ ನಾವು ಮಾಡಿದ ಕೆಲಸ."

ಮ್ಯಾನೇಜರ್ ಫೈಲು ಬಿಚ್ಚಿ ಒಂದು ಹಾಳೆ ತೆಗೆದ. "ನಕಲು ಇಲ್ಲಿದೆ ನೋಡು. ಒಂಬತ್ತು, ಎಂಟು, ಒಂಬತ್ತು, ಏಳು... ಹತ್ತು ದಾಟಿದ್ದು ಒಂದೂ ಇಲ್ಲ. ಬೆಳಿಗ್ಗೆ ಎಂಟರಿಂದ ಮಾರನೇ ಬೆಳಿಗ್ಗೆ ಎಂಟರವರೆಗೆ ಹತ್ತು ಮಿಲಿಮೀಟರ್ ದಾಟಿದ್ರೆ ಮಾತ್ರ ಮಳೆ ದಿನ. ಕರಾರಲ್ಲಿ ಹಾಗೇ ಇದೆ."

ಮೇಸ್ತ್ರಿ ಹಾಳೆಯನ್ನು ನೋಡಲಿಲ್ಲ. ಮಂಚದ ಕಡೆ ನೋಡಿದ.

"ಅಣ್ಣ ಒಂಬತ್ತು ಅಂತ ಬರೆದಿದ್ರೆ ಒಂಬತ್ತೇ," ಎಂದ. "ನಮ್ಮ ಕಣ್ಣೇ ಏನೋ ತಪ್ಪು ನೋಡಿರಬೇಕು."

*

ಹದಿನಾರು ವರ್ಷದ ಹಿಂದೆ, ಬೇರೆ ಊರಿನಲ್ಲಿ, ಬೇರೆ ಕಟ್ಟಡದ ಪಕ್ಕ ಇಂಥದ್ದೇ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಮಗಳು ಇದ್ದರು. ಒಂದು ಸಂಜೆ ಗುತ್ತಿಗೆದಾರನೇ ಮನೆ ಬಾಗಿಲಿಗೆ ಬಂದು ನಿಂತ. ನಾಲ್ಕು ದಿನ, ಬರೀ ನಾಲ್ಕು ದಿನ ಮಳೆ ಬಂತೆಂದು ಬರೆದುಕೊಡು ಎಂದ. ಮೋಡವಂತೂ ಇತ್ತಲ್ಲ ಎಂದ. ಗಂಡ ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಹೋಗಿ ಅವನೊಡನೆ ಮೆಲ್ಲಗೆ ಮಾತಾಡಿ ಬಂದ. ವಾರದೊಳಗೆ ಕೋಣೆ ಖಾಲಿ ಮಾಡಬೇಕಾಯಿತು.

ಮಗಳಿಗೆ ಆಗ ಹನ್ನೊಂದು. ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಮುಂದಿನ ಊರಲ್ಲಿ ಸೇರಿಸೋಣ ಎಂದರು. ಆ ವರ್ಷ ಮೂರು ಊರು ಆದವು. ಮೂರನೆಯ ಊರಿನಲ್ಲಿ ಮಗಳು ಶಾಲೆಯ ಚೀಲಕ್ಕೆ ಬಟ್ಟೆ ತುಂಬಿದಳು. ಆಮೇಲೆ ಯಾರೂ ಶಾಲೆಯ ಮಾತೆತ್ತಲಿಲ್ಲ.

"ನಾಲ್ಕು ದಿನ ಬರೆದಿದ್ರೆ ಏನು ಗಂಟು ಹೋಗ್ತಿತ್ತು ನಿಮ್ಮದು?" ಎಂದು ಹೆಂಡತಿ ಬಸ್ಸಿನಲ್ಲಿ ಕೇಳಿದ್ದಳು.

"ಬಾರದ ಮಳೆ ಬರೆದ್ರೆ ಬಂದ ಮಳೆನೂ ಯಾರೂ ನಂಬಲ್ಲ ಕಣೇ."

ಅವಳು ಅವನೊಡನೆ ನಾಲ್ಕು ದಿನ ಮಾತಾಡಲಿಲ್ಲ. ಅವನು ಬರೆಯದ ಒಂದೊಂದು ದಿನಕ್ಕೆ ಒಂದರಂತೆ ಎಣಿಸಿಯೇ ಮಾತು ಬಿಟ್ಟಿದ್ದಳು. ಐದನೆಯ ದಿನ ಅವನು, "ಮುಗೀತಾ ನಿನ್ನ ಮಳೆ?" ಎಂದಾಗ ನಗು ತಡೆಯಲಾಗಲಿಲ್ಲ.

*

ಎರಡು ಗಂಟೆಗೆ ಇಂಜಿನಿಯರ್ ಮೇಡಮ್ ಬಂದಳು. ಅವಳು ಮಾಲೀಕರ ಕಡೆಯವಳು. ಮಳೆ ಅಳೆಯುವ ಜಾಡಿಯಲ್ಲಿ ಹತ್ತು ದಾಟಿದ ದಿನ ಅವಳೂ ಮ್ಯಾನೇಜರೂ ಒಟ್ಟಿಗೆ ಬಂದು ನೋಡಿ, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕುವುದು ನಿಯಮ. ಪ್ರತಿಸಲವೂ ಅರ್ಧ ಮಿಲಿಮೀಟರಿಗೆ ಜಗಳವಾಡುತ್ತಿದ್ದರು. ಇವತ್ತು ಅವಳು ಅವನ ಪಕ್ಕ, ಅದೇ ಟ್ರಂಕಿನ ಇನ್ನೊಂದು ತುದಿಯಲ್ಲಿ ಕೂತಳು.

"ಜಾಡಿ ಓದೋದು ನನಗೆ ಕಲಿಸಿದ್ದೇ ಇವರು," ಎಂದಳು ಹೆಂಡತಿಗೆ. "ಕಾಲೇಜಲ್ಲಿ ಕಲಿತಿದ್ದೆಲ್ಲ ಬಿಟ್ಟುಬಿಡಿ ಅಂದ್ರು. ಕೆಸರಲ್ಲಿ ಮಂಡಿ ಊರಿ, ಕಣ್ಣು ನೀರಿನ ಮಟ್ಟಕ್ಕೆ ತನ್ನಿ. ಮೇಲಿಂದ ನೋಡಿದ್ರೆ ನಿಮ್ಮ ಆಸೆ ಓದತ್ತೆ ಅಂದ್ರು."

"ಹೌದು. ನನಗೂ ಹಾಗೇ ಹೇಳಿದ್ರು."

"ಕೊನೇ ದಿನಗಳಲ್ಲಿ ನೀವೇ ಓದ್ತಿದ್ರಿ ಅಲ್ವಾ?"

"ಹೂಂ. ಬೀಗದ ಕೈ ನನಗೆ ಕೊಟ್ಟಿದ್ರು."

ಮಗಳು ಎಲ್ಲರಿಗೂ ಹಾಲಿಲ್ಲದ ಚಹಾ ತಂದುಕೊಟ್ಟಳು. ಅಮ್ಮನ ಕೈಗೆ ಲೋಟ ಕೊಡುವಾಗ ಅವಳ ಬೆರಳು ತಣ್ಣಗಿರುವುದನ್ನು ನೋಡಿ, "ಏನಮ್ಮ, ಚಳಿನಾ?" ಎಂದಳು. ಅಮ್ಮ ಲೋಟವನ್ನು ಕೆಳಗಿಟ್ಟಳು.

"ಹದಿನಾಲ್ಕು ದಿನಕ್ಕೆ ನನ್ನ ತಕರಾರಿಲ್ಲ," ಎಂದು ಇಂಜಿನಿಯರ್ ಮ್ಯಾನೇಜರನಿಗೆ ಹೇಳುತ್ತಿದ್ದಳು. "ಬೇರೆ ಯಾರದ್ದೇ ಪುಸ್ತಕ ಆಗಿದ್ರೂ ಇರ್ತಿತ್ತು. ಇವರದ್ದಕ್ಕೆ ಇಲ್ಲ."

"ಉಳಿದ ಆರು?"

"ಇಲ್ಲದ್ದನ್ನ ನಾನು ಎಲ್ಲಿಂದ ತರಲಿ?"

*

ಜಾಡಿ ಇದ್ದದ್ದು ಸೈಟಿನ ಆಚೆ ತುದಿಯಲ್ಲಿ, ಪಾಯದ ಹಳ್ಳಗಳನ್ನೆಲ್ಲ ಸುತ್ತಿ ಹೋಗಬೇಕು. ಯಾರೂ ನೀರು ಹಾಕಬಾರದೆಂದು ಸುತ್ತ ತಂತಿಯ ಗೂಡು, ಗೂಡಿಗೆ ಬೀಗ. ಹೋಗಿ ಬರಲು ಇಪ್ಪತ್ತು ನಿಮಿಷ. ಮೂವತ್ತು ವರ್ಷದ ಸಿಮೆಂಟು ಧೂಳು ಗಂಡನ ಎದೆಯಲ್ಲಿ ಕಲ್ಲಾಗಿ ಅವನು ಹಾಸಿಗೆ ಹಿಡಿದ ಮೇಲೆ ಅವಳು ಹೋಗಿ ನೋಡಿ ಬಂದು ಹೇಳುತ್ತಿದ್ದಳು, ಅವನು ದಿಂಬಿಗೆ ಒರಗಿ ಬರೆಯುತ್ತಿದ್ದ.

ಆರು ವಾರದ ಹಿಂದೆ ಒಂದು ಬೆಳಿಗ್ಗೆ ಹದಿಮೂರು ಬಂದಿತ್ತು. ಜಾಡಿ ನೋಡಿ ಮ್ಯಾನೇಜರ್, ಇಂಜಿನಿಯರ್, ಅವರ ಸಹಾಯಕರಿಬ್ಬರು, ನಾಲ್ಕು ಜನ ಬೂಟುಗಾಲಿನಲ್ಲಿ ಕೋಣೆಗೆ ಬಂದರು. ಸಹಿ ಹಾಕಿಸಲು ಅವನು ಎದ್ದು ಕೂರಲು ಹೋದ. ಹೊದಿಕೆ ಜಾರಿತು. ಕೆಮ್ಮು ಬಂತು, ಕೆಮ್ಮಿನ ಜೊತೆಗೆ ಹಾಸಿಗೆಯಲ್ಲೇ ಆಗಿಹೋಯಿತು. ನಾಲ್ವರೂ ಕಿಟಕಿಯಾಚೆ ಏನೋ ಇದ್ದಂತೆ ಅತ್ತ ತಿರುಗಿದರು. ಇಂಜಿನಿಯರ್ ಮೇಡಮ್ ಉಸಿರು ಬಿಗಿಹಿಡಿದು ಸಹಿ ಹಾಕಿದಳು. ಅವರು ಹೋದ ಮೇಲೆ ಹೆಂಡತಿ ಅವನನ್ನು ತೊಳೆದು ಬೇರೆ ಬಟ್ಟೆ ಹಾಕಿದಳು. ಅವನು ಸಂಜೆಯವರೆಗೆ ಕಣ್ಣು ಬಿಡಲಿಲ್ಲ. ನಿದ್ದೆ ಮಾಡುತ್ತಿರಲಿಲ್ಲ ಎಂಬುದು ಅವಳಿಗೆ ತಿಳಿದಿತ್ತು.

ಮಾರನೆಯ ಬೆಳಿಗ್ಗೆ ತಗಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅವನಿಗೆ ಜ್ವರ ಏರಿತ್ತು. ಇಪ್ಪತ್ತು ನಿಮಿಷ ಬಿಟ್ಟು ಹೋಗುವ ಹಾಗಿರಲಿಲ್ಲ. ಹೋದರೂ, ನೋಡಿ ಬಂದರೂ, ಮತ್ತೆ ಆ ಬೂಟುಗಳು. ಅವಳು ಬಾಗಿಲ ತನಕ ಹೋಗಿ, ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದು ಅವನ ಕಿವಿಯ ಹತ್ತಿರ ಬಾಗಿದಳು.

"ಒಂಬತ್ತು."

ಅವನು ಸೂರಿನ ಕಡೆ ನೋಡಿದ. ಆಮೇಲೆ ಅವಳ ಪಾದಗಳನ್ನು ನೋಡಿದ. ಪಾದಗಳು ಒಣಗಿದ್ದವು. ತುಂಬ ಹೊತ್ತು ನೋಡಿದ.

"ಒಂಬತ್ತಾ?" ಎಂದ.

"ಹೂಂ."

ಪೆನ್ನಿಗೆ ಕೈ ಚಾಚಿದ. ಬರೆದ. ಅಂಕಿ ಎಂದಿನಂತೆಯೇ ದುಂಡಗಿತ್ತು.

ಏಳು ದಿನ ಹೀಗೇ ನಡೆಯಿತು. ಎಂಟನೆಯ ದಿನ ಜ್ವರ ಇಳಿಯಿತು. ಅವಳು ಹೋಗಿ ಗೂಡಿನ ಬೀಗ ತೆಗೆದಾಗ ಜಾಡಿ ತುಂಬಿ, ತುಳುಕಿದ್ದನ್ನು ಹಿಡಿಯುವ ಹೊರಗಿನ ಡಬ್ಬಿಯೂ ತುಂಬಿ, ನೀರು ಅಂಚಿನವರೆಗೆ ಬಂದು ನಿಂತಿತ್ತು. ಸುತ್ತ ಯಾರೂ ಇರಲಿಲ್ಲ. ಅವಳು ಎರಡನ್ನೂ ನೆಲಕ್ಕೆ ಬಗ್ಗಿಸಿ, ಬೀಗ ಹಾಕಿ ಬಂದಳು. ಆ ದಿನದಿಂದ ಮತ್ತೆ ದಿನಾ ಹೋಗಿ ಮಂಡಿಯೂರಿ ಓದಿದಳು. ನಿನ್ನೆ ಮಧ್ಯಾಹ್ನ ಅವನ ಉಸಿರು ನಿಲ್ಲುವವರೆಗೂ ಆ ಏಳು ದಿನದ ಮಾತು ಅವರ ನಡುವೆ ಬರಲಿಲ್ಲ.

*

ಮೂರೂಮುಕ್ಕಾಲಿಗೆ ಅಳಿಯ ಓಡುತ್ತ ಬಂದ. ಮೈಯೆಲ್ಲ ಕೆಸರು.

"ಅತ್ತೆ, ಆಯ್ತು. ಪಂಪು ಎಳೀತಿದೆ, ತಳ ಕಾಣ್ತಿದೆ. ಈಗಲೇ ಎತ್ತಬೇಕು. ಮತ್ತೆ ಮೋಡ ಕಟ್ತಿದೆ, ಇನ್ನೊಂದು ಸಲ ತುಂಬಿದ್ರೆ ಇವತ್ತಿಗೆ ಆಗಲ್ಲ."

ಹೊರಗೆ ಹೊರುವವರು ಸೇರಿದ್ದರು. ಮ್ಯಾನೇಜರ್ ಎದ್ದು ಗಡಿಯಾರ ನೋಡಿಕೊಂಡ. "ಅಮ್ಮ, ಪುಸ್ತಕ."

ಅವಳು ಮಂಚದ ಕೆಳಗಿನಿಂದ ಪುಸ್ತಕ ತೆಗೆದಳು. ಬಟ್ಟೆಯ ರಟ್ಟು, ಮೂಲೆಗಳು ಸವೆದಿದ್ದವು. ಮ್ಯಾನೇಜರ್ ಕೈ ಚಾಚಿದ. ಅವಳು ಕೊಡಲಿಲ್ಲ.

"ಮೇಡಮ್," ಎಂದಳು ಇಂಜಿನಿಯರ್ ಕಡೆ ತಿರುಗಿ. "ಆ ಏಳು ದಿನ ಜಾಡಿ ನೋಡಿಲ್ಲ."

"ಯಾವ ಏಳು ದಿನ?"

"ಒಂಬತ್ತು, ಎಂಟು ಅಂತ ಇದೆಯಲ್ಲ. ನಾನು ಹೋಗಿರಲಿಲ್ಲ. ಬಾಗಿಲಲ್ಲೇ ನಿಂತು ಬಾಯಿಗೆ ಬಂದಿದ್ದು ಹೇಳಿದೆ. ಹತ್ತರೊಳಗೆ ಹೇಳಿದ್ರೆ ನೀವ್ಯಾರೂ ಒಳಗೆ ಬರಲ್ಲ ಅಂತ."

ಇಂಜಿನಿಯರ್ ಮುಖ ಕೆಂಪೇರಿತು. ಆ ಬೆಳಿಗ್ಗೆ ಉಸಿರು ಬಿಗಿಹಿಡಿದದ್ದು ಅವಳಿಗೂ ನೆನಪಾಗಿರಬೇಕು. ತನ್ನ ಬೂಟುಗಳನ್ನು ಟ್ರಂಕಿನ ಬುಡಕ್ಕೆ ಎಳೆದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ಗಾರೆಯವನೊಬ್ಬ ಪಕ್ಕದವನಿಗೆ ಹೇಳಿದ: "ಹಂಗಾದ್ರೆ ಆ ಪುಸ್ತಕದಲ್ಲಿ ಇನ್ನೂ ಏನೇನಿದೆಯೋ."

"ಸುಮ್ನಿರೋ. ಹೆಣ ಇಲ್ಲೇ ಇದೆ."

ಮೇಸ್ತ್ರಿ ಅವರಿಬ್ಬರನ್ನೂ ಗದರಿಸಲಿಲ್ಲ. ಕೈಗೆ ಅಂಟಿದ ಒಣಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ.

"ಮೊದಲೇ ಹೇಳಬಾರದಿತ್ತಾ ಅತ್ತಿಗೆ?" ಎಂದ ಕೊನೆಗೆ. "ನಾನು ನನ್ನ ಕಣ್ಣನ್ನೇ ನಂಬದೆ ಕೂತಿದ್ದೆ."

ಇಂಜಿನಿಯರ್ ಮುಂದಕ್ಕೆ ಬಾಗಿದಳು. ದನಿ ತಗ್ಗಿಸಿ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು. "ಅಮ್ಮ, ಇದನ್ನ ಸರಿಯಾಗಿ ಯೋಚಿಸಿ ಹೇಳಿ. ನೀವು ಹೇಳಿದ್ದನ್ನ ಅವರು ನಂಬಿ ಬರೆದಿದ್ರೆ ಆ ಏಳು ದಿನ ಮಾತ್ರ ತಪ್ಪು. ಆ ಏಳಕ್ಕೆ ಹವಾಮಾನ ಕಚೇರಿಯ ಅಂಕಿ ತರಿಸಬಹುದು. ಅದು ಊರಾಚೆ ಇದೆ, ಅಲ್ಲೆಷ್ಟು ಬಿದ್ದಿತ್ತೋ ನನಗೆ ಗೊತ್ತಿಲ್ಲ. ಆದ್ರೂ ಕೇಳಬಹುದು. ಅವರಿಗೆ ಗೊತ್ತಿದ್ದೂ ಬರೆದಿದ್ರೆ ಇಡೀ ಪುಸ್ತಕ ಬಿಡಬೇಕಾಗತ್ತೆ, ಹದಿನಾಲ್ಕೂ ಹೋಗತ್ತೆ. ಅವರಿಗೆ ಗೊತ್ತಿತ್ತಾ?"

ಹೆಂಡತಿ ಗಂಡನ ಮುಖ ನೋಡಿದಳು. ಬೆಳಿಗ್ಗೆ ಗಡ್ಡ ಹೆರೆಯುವಾಗ ಗಲ್ಲದ ಕೆಳಗೆ ನಾಲ್ಕು ಕೂದಲು ಉಳಿಸಿಬಿಟ್ಟಿದ್ದಳು. ಈಗ ಕಂಡಿತು.

"ಗೊತ್ತಿರಲಿಲ್ಲ," ಎಂದಳು. "ನಾನು ಹೇಳಿದ್ದನ್ನ ಬರೆದ್ರು, ಅಷ್ಟೇ. ಹಾಸಿಗೆ ಹಿಡಿದವರಿಗೆ ಏನು ಗೊತ್ತಾಗತ್ತೆ?"

"ಮಳೆ ಸದ್ದು ಕೇಳಿರಲ್ವಾ?"

"ಕಿವಿ ಮಂದ ಆಗಿತ್ತು."

ಮಗಳು ತಲೆಯೆತ್ತಿದಳು. ಅಪ್ಪನ ಕಿವಿ ಎಂಥದ್ದೆಂದು ಅವಳಿಗೆ ಗೊತ್ತು. ತೀರಿಹೋಗುವ ಹಿಂದಿನ ದಿನ ಕೂಡ, ರಸ್ತೆಯಾಚೆ ಬರುತ್ತಿದ್ದ ಅವಳ ಹೆಜ್ಜೆ ಕೇಳಿ ಬಾಗಿಲು ತೆಗಿ ಎಂದಿದ್ದ. ಅವಳು ಅಮ್ಮನನ್ನೇ ನೋಡಿದಳು. ಅಮ್ಮನ ಹತ್ತಿರ ಬಂದು ನಿಂತ ಮೇಲೆ, ಇನ್ನೊಬ್ಬರಿಗೆ ಕೇಳಿಸದಷ್ಟು ಮೆಲ್ಲಗೆ ಅಂದಳು: "ಈ ಪುಸ್ತಕಕ್ಕೋಸ್ಕರ ನಾನು ಶಾಲೆ ಬಿಟ್ಟೆ ಅಮ್ಮ."

ಮಗಳು ಉತ್ತರಕ್ಕೆ ಕಾಯಲಿಲ್ಲ. ಹೋಗಿ ಅಪ್ಪನ ಕಾಲ ಬಳಿ ಹೊದಿಕೆ ಸರಿಮಾಡಿದಳು.

"ಬಾಯಲ್ಲಿ ಹೇಳಿದ್ರೆ ಸಾಲದು," ಎಂದಳು ಇಂಜಿನಿಯರ್. "ಆ ಒಂದೊಂದು ದಿನದ ಪಕ್ಕದಲ್ಲೂ ಅಳೆದಿಲ್ಲ ಅಂತ ನೀವೇ ಬರೆದು ಸಹಿ ಹಾಕಬೇಕು. ನಾವಿಬ್ಬರೂ ಸಾಕ್ಷಿ ಹಾಕ್ತೀವಿ."

"ಮಣ್ಣು ಮಾಡಿ ಬಂದು ಬರೀತೀನಿ."

"ಕಚೇರಿಗೆ ಮುಕ್ಕಾಲು ಗಂಟೆ ದಾರಿ, ಅಮ್ಮ," ಎಂದ ಮ್ಯಾನೇಜರ್. ಅವನ ದನಿಯೂ ಇಳಿದಿತ್ತು. "ಈಗಲೇ ನಾಲ್ಕಾಗ್ತಾ ಬಂತು."

ದೂರದಲ್ಲಿ ಗುಡುಗಿತು. ಅಳಿಯ ಬಾಗಿಲಲ್ಲಿ ಕಾಲು ಬದಲಿಸಿದ. "ಅತ್ತೆ, ಎತ್ತಲಾ? ಕಾಯಲಾ?"

ಅವಳು ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು, ತಾನು ನೆಲಕ್ಕೆ ಕೂತಳು. ಮ್ಯಾನೇಜರ್ ಪೆನ್ನು ಕೊಟ್ಟ.

"ಎತ್ತಿ," ಎಂದಳು.

ಅವಳಿಗೆ ಬರೆದು ಅಭ್ಯಾಸವಿರಲಿಲ್ಲ. ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ, ನೋಡಿ, ಮತ್ತೆ ಊರಬೇಕಿತ್ತು. ಗಂಡನ ದುಂಡು ಒಂಬತ್ತರ ಪಕ್ಕ ಅವಳ 'ಅಳೆದಿಲ್ಲ' ವಕ್ರವಾಗಿ ಗೆರೆ ದಾಟಿ ಕೂತಿತು. ಅದರ ಕೆಳಗೆ ಹೆಸರು. ಎಂಟರ ಪಕ್ಕ ಬರೆಯುವಾಗ ಮೇಸ್ತ್ರಿ, "ತಲೆ ಕಡೆ ಹಿಡ್ಕೊಳ್ರೋ, ತಲೆ ಕಡೆ," ಎನ್ನುವುದು ಕೇಳಿತು. ಮೂರನೆಯದಕ್ಕೆ ಬಂದಾಗ ಮಂಚ ಅವಳ ಬೆನ್ನ ಹಿಂದಿನಿಂದ ಹಾದುಹೋಯಿತು. ಯಾರದೋ ಮೊಣಕಾಲು ಭುಜಕ್ಕೆ ತಗಲಿ ಪೆನ್ನು ಜಾರಿತು, ಹಾಳೆಯ ಮೇಲೆ ಒಂದು ಉದ್ದ ಗೀಟು ಬಿತ್ತು. "ಪರವಾಗಿಲ್ಲ, ಮುಂದೆ ಬರೀರಿ," ಎಂದಳು ಇಂಜಿನಿಯರ್. ನಾಲ್ಕನೆಯದು ಬರೆಯುವಾಗ ಕೋಣೆಗೆ ಬೆಳಕು ಬಂತು. ಬಾಗಿಲು ತುಂಬಿ ನಿಂತಿದ್ದವರೆಲ್ಲ ಹೋಗಿದ್ದರು. ಐದು. ಆರು. ಏಳನೆಯದಕ್ಕೆ ತಗಡಿನ ಮೇಲೆ ಮಳೆ ಶುರುವಾಯಿತು.

ಸಾಕ್ಷಿಯ ಸಹಿಗಳು ಬಿದ್ದವು. ಪುಸ್ತಕ ಮುಚ್ಚಿತು. ಅವಳು ನೆಲಕ್ಕೆ ಕೈಯೂರಿ ಎದ್ದು, ಚಪ್ಪಲಿ ಹುಡುಕದೆ ಹೊರಗಿಳಿದಳು.

ರಸ್ತೆ ಆಗಲೇ ಹರಿಯುತ್ತಿತ್ತು. ಬಹಳ ಮುಂದೆ, ತಿರುವಿನ ಹತ್ತಿರ ಮಂಚ ಹೊತ್ತವರು ಕಂಡರು. ಗುಂಡಿ ತುಂಬುವುದರೊಳಗೆ ಮುಟ್ಟಬೇಕೆಂದು ಓಡುತ್ತಿದ್ದರು. ಓಟಕ್ಕೆ ಹೆಣದ ಒಂದು ಕೈ ಹೊದಿಕೆಯಿಂದ ಹೊರಬಿದ್ದು ಅಲುಗುತ್ತಿತ್ತು. ಮಗಳು ಪಕ್ಕದಲ್ಲೇ ಓಡುತ್ತ ಆ ಕೈಯನ್ನು ಒಳಗೆ ಸೇರಿಸಲು ನೋಡುತ್ತಿದ್ದಳು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಅವಳು ಕೂಗಲಿಲ್ಲ, ಕೆಸರಿನಲ್ಲಿ ಆದಷ್ಟು ಬೇಗ ಕಾಲು ಹಾಕಿದಳು.

ಅವಳ ಹಿಂದೆ, ಎದುರು ದಿಕ್ಕಿನಲ್ಲಿ, ಮ್ಯಾನೇಜರ್ ಮತ್ತು ಇಂಜಿನಿಯರ್ ಒಂದೇ ಕೊಡೆಯಡಿ ಕಾರಿನ ಕಡೆ ನಡೆಯುತ್ತಿದ್ದರು. ಕೊಡೆಯನ್ನು ಅವನೂ ಹಿಡಿದಿದ್ದ, ಅವಳೂ ಹಿಡಿದಿದ್ದಳು. ಇಬ್ಬರ ಹೊರಗಿನ ಭುಜಗಳೂ ತೊಯ್ದು ತೊಪ್ಪೆಯಾಗಿದ್ದವು. ನಡುವೆ, ಇಬ್ಬರ ಎದೆಗಳಿಗೂ ಒತ್ತಿಕೊಂಡು ಪುಸ್ತಕವಿತ್ತು. ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.